ಧನುರ್ಮಾಸದಲ್ಲಿ ಬಿಸಿಯಾಗದ ಇಂಜಿನ್

ಹಾಸನವನ್ನು ಬಡವರ ಊಟಿ ಎನ್ನುತ್ತಾರೆ. ಬೇಸಿಗೆಯಲ್ಲಿ ಬಂದುಹೋಗುವವರು ಇಟ್ಟ ಹೆಸರಿರಬೇಕು. ಡಿಸೆಂಬರಿನ ನಸುಕಿನಲ್ಲಿ ಹಳೆಯ ಪೆಟ್ರೋಲ್ ಕಾರನ್ನು ಹೊರಡಿಸಬೇಕಾದವನನ್ನು ಕೇಳಿದ್ದರೆ ಬೇರೆ ಹೆಸರು ಹೇಳುತ್ತಿದ್ದ.

ಸೈನ್ಯದ ವಾಹನ ವಿಭಾಗದಿಂದ ನಿವೃತ್ತನಾಗಿ, ಹಾಸನದ ಹೊರಗೆ ಚನ್ನರಾಯಪಟ್ಟಣದ ರಸ್ತೆಗೆ ಮನೆ ಕಟ್ಟಿಕೊಂಡಿದ್ದೆ. ತೊಂಬತ್ತರ ದಶಕ ಮುಗಿಯುತ್ತಿತ್ತು. ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಗಿದ್ದರು. ಶಾಂತಿಗ್ರಾಮದಿಂದ ಒಳಕ್ಕೆ ಹೋದರೆ ಸಿಗುವ ಹಳ್ಳಿಯೊಂದರ ಕೇಶವ ದೇವಸ್ಥಾನದ ಪೂಜೆ ಅವರದು, ತಾತನ ಕಾಲದಿಂದ ಬಂದದ್ದು. ವರ್ಷವೆಲ್ಲ ಬಿಸಿಲೇರಿದ ಮೇಲೆ ಬಸ್ಸಿನಲ್ಲಿ ಹೋಗಿ, ದೇವಸ್ಥಾನದ ಬಾವಿಯಲ್ಲಿ ಮಿಂದು ಪೂಜೆ ಮಾಡಿ ಬರುತ್ತಿದ್ದರು. ಧನುರ್ಮಾಸದಲ್ಲಿ ಅದು ಸಾಗದು. ಸೂರ್ಯ ಹುಟ್ಟುವ ಮೊದಲೇ ಹುಗ್ಗಿ ಬೇಯಿಸಿ ನೈವೇದ್ಯ ಮಾಡಬೇಕು; ಆ ಹೊತ್ತಿಗೆ ಅತ್ತ ಬಸ್ಸಿಲ್ಲ. ಈ ವಯಸ್ಸಿನಲ್ಲಿ ಆ ಚಳಿಗೆ ಬಾವಿಯ ನೀರೂ ಬೇಡವೆಂದು ನನ್ನ ಹೆಂಡತಿ ಏರ್ಪಾಡು ಮಾಡಿದ್ದಳು. ಮನೆಯಲ್ಲೇ ಬಿಸಿನೀರಿನ ಸ್ನಾನ, ಮಡಿ ಪಂಚೆ, ಯಾರನ್ನೂ ಮುಟ್ಟದಂತೆ ಕಾರಿನ ಹಿಂದಿನ ಸೀಟು. ಚಾಲಕ ನಾನು.

ಆ ವರ್ಷ ಮಳೆಗಾಲದಲ್ಲೇ ಕಾರಿನ ವಾಟರ್ ಪಂಪ್ ಕೆಟ್ಟಿತು. ಇಂಜಿನ್ನಿನ ಸುತ್ತ ನೀರು ಹರಿಸಿ ಅದನ್ನು ತಣ್ಣಗಿಡುವ ಪಂಪು. ಹಳೆಯ ಮಾದರಿಯ ಕಾರು, ಬದಲಿ ಪಂಪು ಎಲ್ಲೂ ಸಿಗಲಿಲ್ಲ. ಗ್ಯಾರೇಜಿನವನು ಯಾವುದೋ ವಿದೇಶಿ ಕಾರಿನಿಂದ ಬಿಚ್ಚಿದ ಕರೆಂಟ್ ಪಂಪೊಂದನ್ನು ತಂದು ಜೋಡಿಸಿದ.

"ಸಾ, ಇನ್ನು ನಿಮ್ ಗಾಡಿ ಜಲ್ಮದಲ್ಲಿ ಈಟ್ ಆಗಕಿಲ್ಲ," ಎಂದ.

ಅವನು ಹೇಳಿದ್ದು ಅಕ್ಷರಶಃ ನಿಜವಾಯಿತು. ಹಳೆಯ ಪಂಪು ಇಂಜಿನ್ನಿನ ಬೆಲ್ಟಿನಿಂದ ತಿರುಗುತ್ತಿತ್ತು. ಇಂಜಿನ್ ನಿಧಾನವಾದರೆ ಅದೂ ನಿಧಾನ. ಹೊಸದು ಕೀಲಿ ತಿರುಗಿಸಿದ ಕ್ಷಣದಿಂದ ಪೂರ್ತಿ ರಭಸದಲ್ಲಿ ನೀರು ದೂಡುತ್ತಿತ್ತು. ಇಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನತ್ತ ನೀರನ್ನು ಬಿಡದೆ ತಡೆಯಲು ಒಂದು ವಾಲ್ವ್ ಇರುತ್ತದೆ. ನಮ್ಮ ಕಡೆ ಯಾವ ಕಾರು ಗ್ಯಾರೇಜಿಗೆ ಹೋದರೂ ಅವರು ಮೊದಲು ಕಿತ್ತೆಸೆಯುವುದು ಅದನ್ನೇ; ನನ್ನ ಕಾರಿನಲ್ಲೂ ಅದು ಉಳಿದಿರಲಿಲ್ಲ. ಘಾಟಿ ಹತ್ತುವಾಗ ಬಾನೆಟ್ಟಿನಿಂದ ಹೊಗೆ ಏಳುವುದನ್ನು ಎಲ್ಲರೂ ಕಂಡಿದ್ದಾರೆ. ಕಾರಿಗೆ ಚಳಿಯೂ ಆಗಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಸೈನ್ಯದಲ್ಲಿ ನಮಗೆ ಕಲಿಸಿದ ಕ್ರಮವೊಂದಿತ್ತು: ಎಣ್ಣೆ ನೋಡು, ನೀರು ನೋಡು, ಚಾಲೂ ಮಾಡು, ಉಷ್ಣತೆಯ ಮುಳ್ಳು ಮೇಲೇಳುವವರೆಗೆ ಗೇರ್ ಮುಟ್ಟಬೇಡ. ಎಷ್ಟೋ ಹಿಮದ ಬೆಳಗುಗಳಲ್ಲಿ ಅದು ಸೋತದ್ದಿಲ್ಲ. ಇಲ್ಲಿ ಮುಳ್ಳು ಮಲಗಿದ್ದಲ್ಲೇ ಮಲಗಿತ್ತು. ಮುಳ್ಳನ್ನು ಲೆಕ್ಕಿಸದೆ ಹೊರಟರೆ ಕಾರು ಗೇಟು ದಾಟುತ್ತಲೇ ಕೆಮ್ಮಿ ನಿಂತುಬಿಡುತ್ತಿತ್ತು. ಹೀಗಾಗಿ ನಾನು ಕಾಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಮಾವ ಬರಿಮೈಮೇಲೆ ಒಂದು ಉತ್ತರೀಯ ಹೊದ್ದು, ಅಕ್ಕಿ ಬೇಳೆಯ ಚೀಲ ಮಡಿಲಲ್ಲಿಟ್ಟುಕೊಂಡು ಕಾಯುತ್ತಿದ್ದರು.

"ಅಳಿಯಂದ್ರೇ, ಎದ್ದಿತೇ?"

"ಇನ್ನೂ ಇಲ್ಲ, ಮಾವ."

"ಪರವಾಗಿಲ್ಲ. ದೇವರನ್ನಾದರೆ ಸುಪ್ರಭಾತ ಹೇಳಿ ಎಬ್ಬಿಸಬಹುದು. ಇದಕ್ಕೇನು ಹೇಳಬೇಕೋ."

ಬಾಗಿಲಲ್ಲಿ ನಿಂತ ಹೆಂಡತಿ, "ಆ ಪಂಪನ್ನ ಒಂದಿಷ್ಟು ಹೊತ್ತು ಆರಿಸಿದ್ರೆ ಆಗಲ್ವೇ?" ಎಂದಳು. ಸರಿಯಾದ ಪ್ರಶ್ನೆ. ನಾನೂ ಗ್ಯಾರೇಜಿನವನನ್ನು ಅದನ್ನೇ ಕೇಳಿದ್ದೆ. "ಸ್ವಿಚ್ ಯಾಕ್ಸಾ? ಮರ್ತುಬುಟ್ರೆ ಇಂಜಿನ್ ಸೀದೋಯ್ತದೆ," ಎಂದು ಅವನು ಪಂಪನ್ನು ಕೀಲಿಗೇ ಕಟ್ಟಿದ್ದ. ಹೊಸ ವಾಲ್ವ್ ಬೇಕೆಂದಾಗ, ಅಂಥದ್ದನ್ನು ಕೇಳಿಕೊಂಡು ಬಂದ ಗಿರಾಕಿ ನಾನೇ ಮೊದಲೆಂದು ನಕ್ಕು, ಬೆಂಗಳೂರಿನಿಂದ ತರಿಸುತ್ತೇನೆಂದ. ಸಂಕ್ರಾಂತಿ ಕಳೆದ ಮೇಲೆ ಬರುತ್ತದಂತೆ. ರೇಡಿಯೇಟರಿಗೆ ಗೋಣಿಚೀಲ ಹೊದಿಸಿದೆ. ಮುಳ್ಳು ಒಮ್ಮೆ ಕದಲಿತು, ಮಗ್ಗುಲು ಬದಲಿಸುವವರಂತೆ.

ತಡವಾಗತೊಡಗಿತು. ಒಂದು ದಿನ ನೈವೇದ್ಯದ ಗಂಟೆ ಕೇಳುವ ಹೊತ್ತಿಗೆ ಗೋಪುರದ ಮೇಲೆ ಬಿಸಿಲಿತ್ತು. ಇನ್ನೊಂದು ದಿನ ಬಿಸಿಲು ಗರ್ಭಗುಡಿಯ ಹೊಸ್ತಿಲಿಗೇ ಬಂದಿತ್ತು. ಅಂದು ದೇವಸ್ಥಾನದ ಉಸ್ತುವಾರಿ ನೋಡುತ್ತಿದ್ದ ಹಿರಿಯ ಗೌಡರು ಮಾವನ ಮುಂದೆ ಕೈಮುಗಿದೇ ಹೇಳಿದರು:

"ಐನೋರೇ, ಬ್ಯಾಸ್ರ ಮಾಡ್ಕೋಬ್ಯಾಡಿ. ಊರೆಣ್ಮಕ್ಳು ಕತ್ಲಲ್ಲೇ ತಣ್ಣೀರು ಉಯ್ಕೊಂಡು ಬಂದು ನಿಂತವೆ. ಇನ್ನೊಂದ್ ದಪ ಒತ್ತು ಮೂಡ್ಬುಟ್ರೆ ಬ್ಯಾರೆ ಐನೋರ್ನ ನೋಡ್ಕೋಬೇಕಾಯ್ತದೆ."

ಮಾವ ತಲೆಯಾಡಿಸಿದರು. ಆ ಪೂಜೆ ಬಿಟ್ಟರೆ ಅವರಿಗೆ ತಮ್ಮದೆಂಬ ಕೆಲಸವಿರಲಿಲ್ಲ. ಮಗಳ ಮನೆಯಲ್ಲಿ ಕುಳಿತು ಪೇಪರು ಓದುವ ಮುದುಕರಾಗಲು ಅವರಿಗೆ ಮನಸ್ಸಿಲ್ಲವೆಂಬುದು ನಮಗೆಲ್ಲ ಗೊತ್ತಿತ್ತು.

ಮರುದಿನ ನಾನು ಇನ್ನೂ ಮೊದಲೇ ಎದ್ದೆ. ಎಣ್ಣೆ ನೋಡಿದೆ, ನೀರು ನೋಡಿದೆ, ಗೋಣಿಚೀಲದ ಮೇಲೊಂದು ಹಳೆಯ ಕಂಬಳಿ ಹೊದಿಸಿದೆ. ಆಗ ಮನೆಯಲ್ಲಿ ಬೆಚ್ಚಗೆ ಹೊದ್ದು ಕೂತದ್ದು ಕಾರೊಂದೇ. ಇಂಜಿನ್ ಗುನುಗುತ್ತಿತ್ತು, ಪಂಪು ಹರ್ಷದಿಂದ ನೀರು ತಳ್ಳುತ್ತಿತ್ತು, ಮುಳ್ಳು ಮಲಗಿತ್ತು. ಅಷ್ಟರಲ್ಲಿ ಶಾಂತಿಗ್ರಾಮದ ಕಡೆಯ ಹಳ್ಳಿಗಳಿಂದ ಹಾಲು ತರಲು ಹೊರಟ ವ್ಯಾನೊಂದು ಖಾಲಿ ಕ್ಯಾನುಗಳನ್ನು ಗಡಗಡಿಸುತ್ತ ರಸ್ತೆಯಲ್ಲಿ ಬಂತು. ಹಿಂದಿನ ಬಾಗಿಲು ತೆರೆದ ಸದ್ದಾಯಿತು. ನಾನು ತಿರುಗಿ ನೋಡುವಷ್ಟರಲ್ಲಿ ಮಾವ ಚೀಲದೊಂದಿಗೆ ರಸ್ತೆಯ ನಡುವೆ ನಿಂತಿದ್ದರು.

"ಮಾವ, ನಿಮ್ಮ ಮಡಿ!" ಎಂದು ಕೂಗಿದೆ.

"ಮಡಿ ಮತ್ತೆ ಮಾಡ್ಕೋಬಹುದು. ಸೂರ್ಯನ್ನ ತಡೆಯೋಕಾಗುತ್ಯೇ?"

ವ್ಯಾನಿನವನು ಕೈ ಕೊಟ್ಟು ಹತ್ತಿಸಿಕೊಂಡ. "ಕ್ಯಾನ್ ಇಡ್ಕಳಿ ಐನೋರೆ, ಕುಲುಕ್ತದೆ," ಎಂದದ್ದು ಕೇಳಿತು. ಅವನು ಯಾವ ಮುಳ್ಳನ್ನೂ ನೋಡದೆ ಹೊರಟುಹೋದ.

ನಾನು ಕಾದೆ. ಕೊನೆಗೂ ಮುಳ್ಳು ಎದ್ದು ತನ್ನ ಜಾಗಕ್ಕೆ ಬಂದಾಗ ಪೂರ್ವ ಕೆಂಪಾಗುತ್ತಿತ್ತು. ಕಾರು ಒಮ್ಮೆಯೂ ಕೆಮ್ಮದೆ, ಕವಾಯತಿನಲ್ಲಿ ನಡೆದ ಹಾಗೆ ನಡೆಯಿತು. ದೇವಸ್ಥಾನ ಮುಟ್ಟಿದಾಗ ಹೆಂಗಸರು ಮುತ್ತುಗದ ದೊನ್ನೆಗಳಲ್ಲಿ ಹುಗ್ಗಿ ಹಿಡಿದು ಮನೆ ಕಡೆ ಹೊರಟಿದ್ದರು. ಬಾವಿಯ ಕಟ್ಟೆ ಒದ್ದೆಯಾಗಿತ್ತು. ಮಾವ ನೆನೆದ ಕೂದಲಲ್ಲಿ, ಒದ್ದೆ ಪಂಚೆಯಲ್ಲಿ, ಮೂವತ್ತು ವರ್ಷ ಚಿಕ್ಕವರಾದಂತೆ ಓಡಾಡುತ್ತಿದ್ದರು.

ಗೌಡರು ನನ್ನನ್ನು ಕಂಡು, "ಏನ್ಸಾ, ಇಂಜಿನ್ಗೂ ಮಡಿ ಮಾಡಿಸ್ಕೊಂಡ್ ಬಂದ್ರಾ?" ಎಂದರು. ಎಲ್ಲರೂ ನಕ್ಕರು. ನಾನೂ ನಗಬೇಕಾಯಿತು. ಆಮೇಲೆ ಅವರು ಮಾವನ ಕಡೆ ತಿರುಗಿ, "ಮುಂದಿನ್ ವರ್ಸಕ್ಕೂ ನೀವೇ ಐನೋರೇ. ಬ್ಯಾರೆ ಮಾತಿಲ್ಲ," ಎಂದರು.

ಮಾವ ಒಳಗೆ ಹೋಗಿ ನನಗೆ ಹುಗ್ಗಿ ತಂದರು. ದೊನ್ನೆಯನ್ನು ಮೇಲಿಂದಲೇ ನನ್ನ ಅಂಗೈಗೆ ಬಿಟ್ಟು, "ನಾಳೆಯಿಂದ ನಾನು ವ್ಯಾನಲ್ಲೇ ಬರ್ತೀನಿ. ನೀವು ನಿಧಾನವಾಗಿ, ನಿಮ್ಮ ಕ್ರಮದ ಪ್ರಕಾರ ಎಲ್ಲ ಮಾಡ್ಕೊಂಡು, ಕರ್ಕೊಂಡ್ ಹೋಗೋಕೆ ಬನ್ನಿ. ಬರುವಾಗ ಒಂದು ಒಣಗಿದ ಪಂಚೆ ತನ್ನಿ," ಎಂದರು.

ಸಂಕ್ರಾಂತಿಯವರೆಗೆ ದಿನವೂ ಪಂಚೆ ಒಯ್ದೆ. ಒಂದು ದಿನವೂ ತಡ ಮಾಡಲಿಲ್ಲ.