ಮೇಜಿನ ಕಾಲಡಿಯ ಇತಿಹಾಸ

ಪಿಯುಸಿ ಪ್ರವೇಶಕ್ಕೆಂದು ಬಾಗಲಕೋಟೆ ವಿದ್ಯಾಗಿರಿಯ ನಮ್ಮ ಕಾಲೇಜಿನಲ್ಲಿ ಪ್ರತಿ ಜೂನ್‌ನಲ್ಲಿ ಮೂರು ಮೇಜು ಹಾಕುತ್ತಾರೆ. ವಿಜ್ಞಾನದ ಮೇಜಿಗೆ ಫ್ಯಾನಿನ ಗಾಳಿ, ವಾಣಿಜ್ಯದ ಮೇಜಿಗೆ ಕಿಟಕಿಯ ಗಾಳಿ. ಕಲಾ ವಿಭಾಗದ ಮೇಜು, ಅಂದರೆ ನನ್ನ ಮೇಜು, ಮೂತ್ರಾಲಯದ ಹಾದಿಯಲ್ಲಿರುವುದರಿಂದ ಅದಕ್ಕೂ ಒಂದು ಬಗೆಯ ಗಾಳಿಯುಂಟು. ಅದರ ಒಂದು ಕಾಲು ಗಿಡ್ಡ. ಯಾರೋ ಪುಣ್ಯಾತ್ಮರು ಆ ಕಾಲಡಿಗೆ ದಪ್ಪ ಪುಸ್ತಕವೊಂದನ್ನು ಸಿಕ್ಕಿಸಿದ್ದರು: ಪಿಯುಸಿ ಇತಿಹಾಸದ ಪಠ್ಯ. ಗಿಡ್ಡಗಾಲು ವಿಜ್ಞಾನದ ಮೇಜಿಗಿದ್ದಿದ್ದರೆ ಭೌತಶಾಸ್ತ್ರವನ್ನು ಹಾಗೆ ನೆಲಕ್ಕೆ ಹಾಕುತ್ತಿದ್ದರೇ, ನೀವೇ ಹೇಳಿ. ಪ್ರತಿವರ್ಷ ಅದನ್ನು ಕಂಡು ನನ್ನ ಮೈ ಉರಿಯುತ್ತಿತ್ತು. ಪ್ರತಿವರ್ಷವೂ ಅದರ ಮೇಲೆಯೇ ಭಾರ ಹಾಕಿ ಅರ್ಜಿ ತುಂಬುತ್ತಿದ್ದೆ. ಉರಿದುಕೊಂಡೇ ಸುಮ್ಮನಿರುವ ಕಲೆಯಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಸಿಟ್ಟು ಪುಸ್ತಕದ್ದೊಂದೇ ಅಲ್ಲ. ಬಾದಾಮಿಯ ಗುಹೆಗಳ ಮುಂದೆ ಬುತ್ತಿ ಬಿಚ್ಚಿ, ಚಾಲುಕ್ಯರು ನಮ್ಮವರೆಂದು ಎದೆ ತಟ್ಟಿಕೊಳ್ಳುವ ಜನ, ಮಗಳು ಇತಿಹಾಸ ಓದುತ್ತೇನೆಂದರೆ ಸೂತಕದ ಮುಖ ಮಾಡುತ್ತಾರೆ. ಹಳೇ ಬಾಗಲಕೋಟೆಯ ಓಣಿಗಳು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುತ್ತಿದ್ದ ಆ ವರ್ಷಗಳಲ್ಲೂ, ಅಲ್ಲಿ ಯಾರಿದ್ದರು, ಏನಿತ್ತು ಎಂದು ಕೇಳಿ ಬರೆದಿಡುವವರು ಬೇಕೆಂದು ನಮ್ಮಲ್ಲಿ ಯಾರಿಗೂ ಅನ್ನಿಸಲಿಲ್ಲ.

ಅಂಥದೊಂದು ಜೂನ್‌ನಲ್ಲಿ ಇಳಕಲ್ಲಿನ ನೇಕಾರರೊಬ್ಬರು ಮಗಳು ಗಿರಿಜಾಳನ್ನು ನನ್ನ ಮೇಜಿಗೆ ಕರೆತಂದರು. ಅಂಕಪಟ್ಟಿ ನೋಡಿದೊಡನೆ ವಿಜ್ಞಾನದ ಮೇಜಿನಿಂದ ಕರೆ ಬಂತು: "ಇಷ್ಟು ಮಾರ್ಕ್ಸ್ ಬಂದಾವು, ಅಲ್ಲ್ಯಾಕ ನಿಂತಿ? ಈ ಕಡೆ ಬಾರವ್ವಾ."

ಹುಡುಗಿ ಕದಲಲಿಲ್ಲ. ತಂದೆ ನನ್ನನ್ನು ಕೇಳಿದರು: "ಸರ್, ಇತಿಹಾಸ ಓದಿದ್ರ ಮುಂದ ಇಕಿ ಏನಾಗ್ತಾಳ್ರಿ?"

ಹದಿನೈದು ವರ್ಷ ಅದೇ ಇತಿಹಾಸದಿಂದ ಹೊಟ್ಟೆ ಹೊರೆದವನು ನಾನು. ಶಿಕ್ಷಕಿ, ವಕೀಲೆ, ಶಾಸನ ಓದುವವಳು, ಆಡಳಿತಾಧಿಕಾರಿ ಎಂದು ಬೆರಳು ಮಡಚಬಹುದಿತ್ತು. ಬದಲಿಗೆ, "ಮಾರ್ಕ್ಸ್ ಚಲೋ ಅದಾವು, ಸೈನ್ಸಿಗೇ ಹಚ್ಚರಿ," ಎಂದೆ.

"ಹಂಗಾರ ನೀವ್ಯಾಕ ಓದಿದ್ರಿ, ಸರ್?" ಎಂದಳು ಗಿರಿಜಾ.

ಉತ್ತರ ಬಂದದ್ದು ಆಕೆಯ ತಂದೆಯಿಂದ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಸೆರಗು ನೇಯುವುದು. "ಮನ್ಯಾಗ ಕೊಂಡಿ ಹಾಕೋಳು ಇಕಿನ ರೀ," ಎಂದರು ಅವರು. "ನಡುವ ಒಂದು ಎಳಿ ತಪ್ಪಿತು ಅಂದ್ರ, ಇರ್ಲಿ ಬಿಡವ್ವಾ ಅಂದ್ರೂ ಕೇಳಂಗಿಲ್ಲ, ಬಿಚ್ಚಿ ಮತ್ತ ಹಾಕ್ತಾಳ. ಇಕಿಗೇನು ಬೇಕು ಅಂತ ಇಕಿನ್ನ ಕೇಳೂಣು." ಕೇಳಿದರು. ಆಕೆ ಇತಿಹಾಸವೆಂದಳು. ನಾನು ಬರೆದುಕೊಂಡೆ, ತಲೆ ತಗ್ಗಿಸಿ.

ತಪ್ಪಿದ ಎಳೆಯನ್ನು ದಾಟಿ ಮುಂದೆ ಹೋಗಲೊಲ್ಲದ ಮನಸ್ಸು: ಇತಿಹಾಸಕ್ಕೆ ಬೇಕಾದದ್ದು ಇಷ್ಟೇ ಎಂದು ಮಗ್ಗದವರು ನನಗೆ ಹೇಳಿಕೊಡಬೇಕಾಯಿತು. ಮರುವರ್ಷದ ಬಾದಾಮಿ ಪ್ರವಾಸದಲ್ಲಿ, ಗುಹೆಯನ್ನು ಒಂದೇ ರಾತ್ರಿಯಲ್ಲಿ ಕೊರೆದರೆಂದು ಗೈಡ್ ಬಣ್ಣಿಸುತ್ತಿದ್ದಾಗ, "ಹಂಗಂತ ಎಲ್ಲಿ ಬರದಾರ್ರಿ?" ಎಂದು ಆಕೆ ಕೇಳಿದಳು. ಗೈಡ್ ಮುನಿಸಿಕೊಂಡು ಹೊರಟುಹೋದ. ನನಗೆ ಮಾತ್ರ ಬಹಳ ದಿನಗಳ ನಂತರ ಹೊಟ್ಟೆ ತಂಪಾಯಿತು.

ಕೆಲವು ವರ್ಷಗಳ ಮೇಲೆ ಗಿರಿಜಾ ಮತ್ತೆ ನನ್ನ ಮೇಜಿನ ಮುಂದೆ ನಿಂತಳು. ಈಗ ಹುನಗುಂದದ ಹೈಸ್ಕೂಲಿನಲ್ಲಿ ಇತಿಹಾಸದ ಟೀಚರ್. ಜೊತೆಗೆ ಒಬ್ಬ ವಿದ್ಯಾರ್ಥಿನಿ, ಆ ಹುಡುಗಿಯ ತಾಯಿ. ಗಿರಿಜಾಳ ಕಣ್ಣು ಕೆಳಗೆ ಹೋಯಿತು. "ಸರ್, ಇದಿನ್ನೂ ಇಲ್ಲೇ ಐತೇನ್ರಿ?" ಎಂದವಳೇ ಬಗ್ಗಿ ಪುಸ್ತಕವನ್ನು ಎಳೆದಳು. ಮೇಜು ವಾಲಿ, ನನ್ನ ಚಹಾ ಅರ್ಜಿಗಳ ಮೇಲೆ ಚೆಲ್ಲಿತು. ಆಕೆ ಸೆರಗಿನಿಂದ ಧೂಳು ಒರೆಸಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು.

"ಇತಿಹಾಸ ಓದಿದ್ರ ಮುಂದ ಏನಾಗ್ತಾಳ್ರಿ?" ತಾಯಿ ಕೇಳಿದರು. ಗಿರಿಜಾ ನನ್ನನ್ನೇ ನೋಡುತ್ತಿದ್ದಳು, ಅಂದಿನ ಹಾಗೆಯೇ.

"ಈ ಟೀಚರ್‌ನ ಹಂಗ, ನಮ್ಮ ತಪ್ಪು ನಮಗ ತೋರಿಸೋಳು ಆಗ್ತಾಳ್ರಿ," ಎಂದೆ. ಆಮೇಲೆ ಹುಡುಗಿಯತ್ತ ತಿರುಗಿದೆ: "ನಿನಗೇನು ಬೇಕವ್ವಾ?"

ಪುಸ್ತಕ ಮತ್ತೆ ಕಾಲಡಿಗೆ ಹೋಗಲಿಲ್ಲ; ಮೇಜು ಈಗ ಅಲುಗಾಡುತ್ತದೆ. ಮೊಣಕಾಲಿನಿಂದ ಒತ್ತಿ ಹಿಡಿದು ಅರ್ಜಿ ತುಂಬುತ್ತೇನೆ. ಕಾಲು ದುರಸ್ತಿ ಮಾಡಿಸಿರೆಂದು ಪ್ರತಿ ಜೂನ್‌ನಲ್ಲಿ ಆಫೀಸಿಗೆ ಹೋಗಿ, ಎಲ್ಲರಿಗೂ ಕೇಳುವಂತೆ ಜಗಳವಾಡುತ್ತೇನೆ.