ಬಾಜು ಮನೆಯ ಮಣಕ

ನನಗೆ ಸ್ವಂತದ್ದು ಅಂತ ಒಂದು ಕೋಳಿಯೂ ಇಲ್ಲ. ಆದರೂ ಬೆಳಗಾದರೆ ಚಹಾದ ಲೋಟ ಹಿಡಿದು ಹಿತ್ತಲ ಕಟ್ಟೆಯ ಮೇಲೆ ಕೂತು, ಹತ್ತು ಜೋಡಿ ಎತ್ತು ಕಟ್ಟಿದ ಗೌಡನ ಗತ್ತಿನಲ್ಲಿ ಬಾಜು ಮನೆಯ ದನಗಳನ್ನು ನೋಡುತ್ತೇನೆ. ನಡುವೆ ಎದೆಮಟ್ಟದ ಚಪ್ಪಡಿಕಲ್ಲಿನ ಗೋಡೆ. ಆ ಕಡೆ ಒಂದು ಎಮ್ಮೆ, ಅದರ ಮಣಕ, ಎರಡು ಆಡು, ಯಾರ ಮಾತೂ ಕೇಳದ ಕೋಳಿಗಳು. ಈ ಕಡೆ ನಾನು, ಕೊಟ್ಟೂರಿನ ಕಾಲೇಜೊಂದರಲ್ಲಿ ಗುಮಾಸ್ತ. ಮೇವು ಅವರದು, ಸಗಣಿ ಅವರದು, ನೋಡುವ ಸುಖ ಮಾತ್ರ ನನ್ನದು. ಕಾನಹೊಸಹಳ್ಳಿಯ ಸುತ್ತಮುತ್ತ ಇಷ್ಟು ಲಾಭದ ಪಶುಸಂಗೋಪನೆ ಇನ್ನೊಂದಿಲ್ಲವೆಂದು ನನ್ನ ನಂಬಿಕೆ.

ಅದರಲ್ಲೂ ಆ ಮಣಕ. ಇನ್ನೂ ಕರು ಹಾಕದ, ಹರೆಯದ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ, ಎಣ್ಣೆ ಹಚ್ಚಿದ ಹಾಗೆ ಮಿರುಗುವ ಮೈ. ನಾನು ಕಟ್ಟೆಗೆ ಬಂದು ಕೆಮ್ಮಿದರೆ ಸಾಕು, ಗೋಡೆಯ ಮೇಲೆ ಗದ್ದ ಊರಿ ನಿಲ್ಲುತ್ತದೆ. ನಾನು ಆಫೀಸಿನ ರಾಜಕೀಯವನ್ನೆಲ್ಲ ಅದಕ್ಕೆ ಹೇಳುತ್ತೇನೆ. ಕೋಣನ ಮುಂದೆ ಕಿನ್ನರಿ ಎಂದು ನನ್ನ ಹೆಂಡತಿ ನಗುತ್ತಾಳೆ. ನಗಲಿ. ನಾನು ಮಾತು ಮುಗಿಸುವ ತನಕ ಎದ್ದು ಹೋಗದೆ ಕೇಳಿಸಿಕೊಳ್ಳುವ ಹೆಣ್ಣು ಜೀವ ಈ ಎರಡು ಹಿತ್ತಲಲ್ಲಿ ಅದೊಂದೇ. ನಿಜ ಹೇಳಬೇಕೆಂದರೆ ಅದು ನಿಲ್ಲುತ್ತಿದ್ದದ್ದು ಬಾಳೆಹಣ್ಣಿನ ಸಿಪ್ಪೆಗಾಗಿ. ಆ ಸಿಪ್ಪೆಗಾಗಿಯೇ ನಾವು ದಿನಾ ಬಾಳೆಹಣ್ಣು ತಿನ್ನುವಂತಾಗಿತ್ತು.

ಒಂದು ದಿನ ನನ್ನ ನಾಲಿಗೆ ಜಾರಿತು. ದನಗಳ ಯಜಮಾನಿ ಅಕ್ಕ ಗೋದಲಿಗೆ ಜೋಳದ ದಂಟು ಹಾಕುತ್ತಿದ್ದಳು. ನನಗಿಂತ ಹಿರಿಯಳು, ಮಾತು ಕಡಿಮೆ. "ಅಕ್ಕಾ, ಏನ್ ಮೈ ಬಂದೈತ್ರಿ ನಿಮ್ಮ ಮಣಕಕ್ಕ. ಇಂಥದ್ದು ಸುತ್ತ ಹಳ್ಳ್ಯಾಗ ಇಲ್ಲ," ಅಂದುಬಿಟ್ಟೆ. ಅಕ್ಕ ದಂಟು ಅಲ್ಲೇ ಬಿಟ್ಟು ಮಣಕದ ಹಣೆಯನ್ನು ಸೆರಗಿನಿಂದ ಒರೆಸಿದಳು. ನಾನು ಅದನ್ನು ಮುದ್ದು ಅಂದುಕೊಂಡೆ.

ಮರುದಿನ ಮಣಕ ಮೇವು ಮೂಸಲಿಲ್ಲ. ಸಂಜೆ ಅಕ್ಕ ಒಣಮೆಣಸಿನಕಾಯಿ, ಉಪ್ಪು, ಹಳೇ ಕಸಬರಿಗೆಯ ಕಡ್ಡಿ ಹಿಡಿದು ಮಣಕಕ್ಕೆ ನಿವಾಳಿಸಿ, ನೀರೊಲೆಗೆ ಹಾಕಿದಳು. ದೃಷ್ಟಿಯಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ, ಆಗಿರದಿದ್ದರೆ ಓಣಿಯೆಲ್ಲ ಕೆಮ್ಮಬೇಕು ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಶಾಸ್ತ್ರ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ ನಾನು ಗೋಡೆಯ ಈಚೆ ನಿಂತು ಜೋರಾಗಿ ಕೆಮ್ಮತೊಡಗಿದೆ. ಘಾಟು ಬಂದಿದೆ, ನಾನು ನಿರಪರಾಧಿ ಎಂದು ಸಾರಬೇಕಿತ್ತಲ್ಲ.

ಅಕ್ಕ ಒಲೆಯ ಮುಂದಿನಿಂದಲೇ ತಲೆ ಎತ್ತಿ, "ಒಲಿ ಮುಂದ ಕುಂತ ನನಗ ಘಾಟ ಬರವಲ್ದು ಸರ. ನಿಮಗ ಹೆಂಗ ಬಂತ್ರಿ?" ಅಂದಳು.

ಒಳಗೆ ಬಂದು ಕೂತೆ. ಹೆಂಡತಿ ಹರಪನಹಳ್ಳಿ ಕಡೆಯ ಹಳ್ಳಿಯವಳು, ದನದ ಮನೆಯಲ್ಲೇ ಬೆಳೆದವಳು. ನನಗೆ ಆ ದಿನ ಪಾಠವಾಯಿತು. "ಮಂದಿ ದನ ಕಂಡ್ರೆ ಹೊಗಳಬಾರದು ಕಣ್ರೀ, ಬೈಬೇಕು. ಸೊರಗೇತಿ ಅನ್ರಿ, ಬಡಕಲು ಅನ್ರಿ. ಅವರಿಗೆ ಗೊತ್ತಾಗುತ್ತೆ. ಇಷ್ಟೂ ತಿಳಿಯಲ್ಲ ಅಂದ್ರೆ ನೀವು ಹುಟ್ಟಿದ್ದು ಯಾವ ಊರಾಗೆ?" ನಾನು ಹುಟ್ಟಿದ್ದು ಕೂಡ್ಲಿಗಿಯಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ. ಅಲ್ಲಿ ನಾನು ಕಂಡ ದನಗಳೆಲ್ಲ ಕಾಗದ ತಿನ್ನುವಂಥವು, ಅವನ್ನು ಯಾರೂ ಹೊಗಳುತ್ತಿರಲಿಲ್ಲ.

ಮಣಕ ಎರಡು ದಿನಕ್ಕೆ ಸರಿಹೋಯಿತು. ನಾನೂ ಕಲಿತೆ. ಬೆಳಿಗ್ಗೆ ಗೋಡೆಗೆ ಬಂದು, "ಅಕ್ಕಾ, ಮಣಕ ಬಾಳ ಸೊರಗೇತಲ್ರಿ," ಅನ್ನುವೆ. "ಹೌದ್ರಿ ಸರ, ಏನ್ ಹಾಕಿದ್ರೂ ಮೈಗೆ ಹತ್ತವಲ್ದು," ಎಂದು ಅಕ್ಕ ಮುಖ ಅರಳಿಸುವಳು. ಅದರ ಬೆನ್ನ ಮೇಲೆ ನೊಣ ಕೂತರೆ ಜಾರುತ್ತಿತ್ತು, ನಾವಿಬ್ಬರೂ ಅದು ಇವತ್ತೋ ನಾಳೆಯೋ ಅನ್ನುವಂತೆ ಮರುಗುತ್ತಿದ್ದೆವು. ದಿನ ಕಳೆದಂತೆ ನನ್ನ ಬೈಗುಳಕ್ಕೆ ಒಂದು ಹದ ಬಂತು. ಜಡ್ಡು ಹಿಡಿದದ್ದು, ಎಲುಬಿನ ಹಂದರ, ನಾಯಿಯೂ ಮೂಸದ್ದು. ಆಫೀಸಿನಲ್ಲಿ ಬಾಯಿ ಬಿಡಲಾಗದ್ದನ್ನೆಲ್ಲ ಆ ಬಡಪ್ರಾಣಿಯ ಮೇಲೆ ಹೊರಿಸಿ ಹಗುರಾಗುತ್ತಿದ್ದೆ. ಅಕ್ಕ ಎಂದೂ ಇಲ್ಲದವಳು ನಗುತ್ತಿದ್ದಳು.

ಈ ಸುಖಕ್ಕೆ ಕಲ್ಲು ಬಿದ್ದದ್ದು ದೀಪಾವಳಿ ಮುಗಿದ ಮೇಲೆ. ಅಕ್ಕ ಗೋಡೆಯ ಹತ್ತಿರ ಬಂದು, "ಮಣಕ ಮಾರ್ತೀವ್ರಿ ಸರ," ಅಂದಳು. ಸೊಸೆಗೆ ಹಡಗಲಿಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಮನೆಯಲ್ಲಿ ಇನ್ನು ಕೈಗೆ ಕೈ ಕೂಡಿಸುವವರು ಇರಲಿಲ್ಲ. "ನನ್ನ ಸೊಂಟ ನೋಯ್ತೈತಿ ಅಂತ ಮಗ ಹಟ ಹಿಡ್ದಾನ. ಒಂದು ಎಮ್ಮಿ ಸಾಕು ಅಂತಾನ. ನನ್ನ ಸಲುವಾಗೇ ಹೇಳ್ತಾನ, ನಾ ಏನಂತ ಬ್ಯಾಡ ಅನ್ನಲಿ?"

ನನಗೆ ದುಃಖವಾಯಿತು. ಒಂದು ಹಿಡಿ ಮೇವು ಹಾಕದವನಿಗೆ ಎಷ್ಟು ದುಃಖವಾಗಬೇಕೋ ಅದಕ್ಕಿಂತ ಬಹಳ ಹೆಚ್ಚೇ ಆಯಿತು. ನಾವೇ ಕೊಂಡರೆ ಹೇಗೆ ಎಂದು ಹೆಂಡತಿಯನ್ನು ಕೇಳಿದೆ. "ಎಲ್ಲಿ ಕಟ್ಟೀರಿ, ಸೋಫಾಕ್ಕಾ? ಸಗಣಿ ಕಂಡ್ರೆ ಮೂಗು ಮುಚ್ಚೋರು ನೀವು," ಅಂದಳು. ಹೌದು, ಅವಳೇನೂ ಸುಳ್ಳು ಹೇಳಲಿಲ್ಲ.

ಆ ಭಾನುವಾರ ಹಲವಾಗಲು ಕಡೆಯಿಂದ ಒಬ್ಬ ಗಿರಾಕಿ ಬಂದ. ಹೆಗಲ ಮೇಲೆ ಟವೆಲು, ಕಣ್ಣು ಚುರುಕು. ಮಣಕದ ಬಾಯಿ ಬಿಡಿಸಿ ಹಲ್ಲು ನೋಡಿದ, ಸುತ್ತ ತಿರುಗಿದ, ತಲೆದೂಗಿದ. ಟವೆಲಿನ ಮರೆಯಲ್ಲಿ ಬೆರಳು ಹಿಡಿದು ವ್ಯಾಪಾರ ಕುದುರಿಸಲು ಅಕ್ಕನ ಮಗನೂ ಸಜ್ಜಾದ. ಅಕ್ಕ ಗೂಟದ ಪಕ್ಕ ಹಗ್ಗ ಹಿಡಿದು ನಿಂತಿದ್ದಳು. ಆಗ ಅವಳ ಮಗ ಗೋಡೆಯ ಮೇಲೆ ಇಣುಕುತ್ತಿದ್ದ ನನ್ನನ್ನು ತೋರಿಸಿ, "ಬೇಕಾದ್ರ ನಮ್ಮ ಸರನ್ನ ಕೇಳ್ರಿ. ದಿನಾ ನೋಡ್ತಾರ," ಅಂದ.

ಎಲ್ಲರೂ ನನ್ನ ಕಡೆ ತಿರುಗಿದರು. ಹೊಸಬನ ಕಣ್ಣು ಬೇರೆ ಮಣಕದ ಮೇಲಿದೆ. ದೃಷ್ಟಿ ಆದೀತು ಎಂಬ ಒಂದೇ ಭಯ ನನಗೆ. ರೂಢಿಯಾದ ಬಾಯಿ ತಾನಾಗಿ ತೆರೆಯಿತು. "ಏನೈತ್ರಿ ಅದ್ರಾಗ? ಎಲುಬಿನ ಹಂದರ. ಏನ್ ಹಾಕಿದ್ರೂ ಮೈಗೆ ಹತ್ತಂಗಿಲ್ಲ. ಹುಟ್ಟಾ ಜಡ್ಡು."

ಗಿರಾಕಿ ಮಣಕವನ್ನು ಮತ್ತೊಮ್ಮೆ ನೋಡಿದ, ನನ್ನನ್ನೂ ನೋಡಿದ. ಟವೆಲು ಹೆಗಲಿಗೆ ಹಾಕಿಕೊಂಡ. "ಮ್ಯಾಲೆ ಚಂದ ಕಾಣ್ತೈತಿ ಖರೆ. ಆದ್ರ ಬಾಜು ಮನ್ಯಾರು, ಓದಿದೋರು ಹೇಳ್ತಾರಂದ್ರ ಒಳಗ ಏನೋ ಇರಬೇಕು," ಎಂದು ಬೈಕು ಹತ್ತಿ ಹೋದ.

ಮಗ ನನ್ನನ್ನು ನೋಡಿದ ನೋಟಕ್ಕೆ ಯಾವ ಮೆಣಸಿನಕಾಯಿ ನಿವಾಳಿಸಿದರೂ ಸಾಲದು. ಹೆಂಡತಿ ಆ ದಿನ ಊಟ ಬಡಿಸಿದಳು, ಮಾತು ಬಡಿಸಲಿಲ್ಲ. ನಾನು ಹಿತ್ತಲ ಬಾಗಿಲಿಗೆ ಚಿಲಕ ಹಾಕಿ, ಚಹಾವನ್ನು ಟಿವಿ ಎದುರು ಕೂತು ಕುಡಿಯತೊಡಗಿದೆ. ಆ ಕಡೆಯಿಂದ ಮಣಕ ಒದರುತ್ತಿತ್ತು. ಸಿಪ್ಪೆಗೋ ನನಗೋ ಗೊತ್ತಿಲ್ಲ. ನನಗೇ ಅಂದುಕೊಂಡು ಇನ್ನಷ್ಟು ಸಂಕಟಪಟ್ಟೆ.

ಆ ಶನಿವಾರ ತಡೆಯಲಾಗದೆ ಬಾಗಿಲು ತೆಗೆದೆ. ಅಕ್ಕ ಗೋಡೆಯ ಹತ್ತಿರವೇ ಇದ್ದಳು, ಮಣಕದ ಗಂಟಲು ತುರಿಸುತ್ತ. ಅದು ಕಣ್ಣು ಮುಚ್ಚಿ ಕತ್ತು ಚಾಚಿತ್ತು. ನಾನು ತಲೆ ತಗ್ಗಿಸಿ, "ತಪ್ಪಾತ್ರಿ ಅಕ್ಕಾ," ಅಂದೆ.

"ನಾಳಿ ಕೊಟ್ಟೂರಿನಿಂದ ಇನ್ನೊಬ್ಬ ಗಿರಾಕಿ ಬರ್ತಾನಂತ್ರಿ ಸರ," ಅಂದಳು ಅಕ್ಕ, ಕೈ ನಿಲ್ಲಿಸದೆ.

"ನಾ ಹೊರಗ ಬರಂಗಿಲ್ಲ ಬಿಡ್ರಿ. ಬಾಗಿಲಾ ಹಾಕ್ಕೊಂಡು ಒಳಗ ಇರ್ತೀನಿ."

ಅಕ್ಕ ಮನೆಯ ಕಡೆ ಒಮ್ಮೆ ತಿರುಗಿ ನೋಡಿದಳು. ಮಗನ ಬೈಕು ಅಂಗಳದಲ್ಲಿ ಇರಲಿಲ್ಲ. ಆದರೂ ದನಿ ತಗ್ಗಿಸಿ, ನನ್ನ ಮುಖ ನೋಡದೆ ಹೇಳಿದಳು.

"ಯಾಕ್ರಿ ಸರ, ಬರ್ರಿ. ಬಂದು ಮೊನ್ನಿ ಹೇಳಿದಂಗ ಹೇಳ್ರಿ."