ಉಜ್ಜಬಾರದ ಚಾಕು

ನಲ್ಲಿ ತಯಾರಿಸುವ ಕಾರ್ಖಾನೆಯ ಪಾಲಿಶ್ ವಿಭಾಗದಲ್ಲಿ ಇಪ್ಪತ್ತೊಂಬತ್ತು ವರ್ಷ ಕಳೆದ ಆ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕ ಎಲ್ಲ ಕಡೆ ಅವನು ಫಳಫಳ. ಫೋರ್‌ಮನ್‌ನಿಂದ ಹಿಡಿದು ಕ್ಯಾಂಟೀನಿನಲ್ಲಿ ಟೀ ಕೊಡುವಾಕೆಯವರೆಗೆ ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನ ನಾದಿನಿಯಂತೂ ಮಗಳ ಮದುವೆಯ ಆಹ್ವಾನ ಪತ್ರಿಕೆಯ ಮೇಲೂ ‘ಫಳಫಳ ಭಾವನವರಿಗೆ’ ಎಂದೇ ಬರೆದು ಕಳಿಸಿದ್ದಳು. ಅವನಿಗೇನೂ ಬೇಜಾರಾಗಿರಲಿಲ್ಲ. ಕಪ್ಪಗೆ, ಒರಟೊರಟಾಗಿ ಬಂದ ನಲ್ಲಿಯನ್ನು ತಿರುಗುವ ಬಟ್ಟೆಯ ಚಕ್ರಕ್ಕೆ ಒತ್ತಿ ಹಿಡಿದು, ನೋಡಿದವರಿಗೆ ತಮ್ಮ ಮೀಸೆ ಕಾಣುವಂತೆ ಮಾಡಿ ಕಳಿಸುವುದು ಅವನ ಕೆಲಸ. ಆ ಕೆಲಸದಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ.

ತೊಂದರೆ ಏನೆಂದರೆ, ಅವನ ಕೈ ಕಾರ್ಖಾನೆಯ ಗೇಟಿನ ಹತ್ತಿರ ನಿಲ್ಲುತ್ತಿರಲಿಲ್ಲ. ಮನೆಯ ಚಿಲಕ, ಸ್ಟೌವಿನ ಬರ್ನರು, ಕೊಡೆಯ ಹಿಡಿ, ಪಕ್ಕದ ಮನೆಯವರ ಸೈಕಲ್ ಬೆಲ್ಲು, ಒಂದನ್ನೂ ಅವನು ಸುಮ್ಮನೆ ಬಿಟ್ಟವನಲ್ಲ. ನಾಲ್ಕು ಮಹಡಿಯ ಆ ಕಟ್ಟಡದ ಲಿಫ್ಟಿನಲ್ಲಿ ಗುಂಡಿಗಳಿರುವ ಹಿತ್ತಾಳೆ ಹಲಗೆಯನ್ನು ಎರಡು ವರ್ಷ ಪ್ರತಿ ಭಾನುವಾರ ಉಜ್ಜಿದ. ಮೊದಮೊದಲು ಎಲ್ಲರೂ ಹೊಗಳಿದರು. ಆಮೇಲೆ ಒಂದು ದಿನ ಮೂರನೇ ಮಹಡಿಯ ನಿವೃತ್ತ ಮೇಷ್ಟ್ರು ಎರಡನೇ ಮಹಡಿಯವರ ಸೋಫಾದ ಮೇಲೆ ಕೂತು, ಚಪ್ಪಲಿ ಬಿಟ್ಟು, ಟೀ ಕೇಳಿದರು. ಹಲಗೆಯ ಮೇಲಿದ್ದ ನಂಬರುಗಳು ಉಜ್ಜಿ ಉಜ್ಜಿ ಅಳಿಸಿಹೋಗಿದ್ದವು. ಕಟ್ಟಡದ ಸಂಘದವರು ಜಗಳಕ್ಕೆ ಬಂದರೆ ಫಳಫಳ, “ನಂಬರ್ ಹೋಯ್ತು, ಸರಿ. ಆದ್ರೆ ಹೊಳಪು ನೋಡಿ ಸಾರ್, ಹೊಳಪು!” ಅಂದ. ಇಂಥವನ ಹತ್ತಿರ ಯಾರು ತಾನೇ ಏನು ಮಾತಾಡಿಯಾರು?

ಇಂಥ ಮನುಷ್ಯನಿಗೆ ಜೇಬುಚಾಕುಗಳ ಹುಚ್ಚು ಹಿಡಿಸಿದವರು ಕಾರ್ಖಾನೆಯ ಸ್ಟೋರ್‌ಕೀಪರ್. ಒಂದು ಸ್ಕ್ರೂ ಕೊಡಬೇಕಾದರೂ ತನ್ನ ಹಲ್ಲನ್ನೇ ಕಿತ್ತು ಕೊಟ್ಟಂತೆ ಮುಖ ಮಾಡುವ, ಹತ್ತಿರಕ್ಕೊಂದು ದೂರಕ್ಕೊಂದು ಅಂತ ಎರಡು ಕನ್ನಡಕ ಇಟ್ಟುಕೊಂಡ ಹಿರಿಯರು. ಫಳಫಳ ಒಂದು ದಿನ ಚಕ್ರದ ಬೆಲ್ಟ್ ಹರಿಯಿತೆಂದು ಹೊಸದು ಕೇಳಲು ಹೋದಾಗ ಅವರ ಮೇಜಿನ ಡ್ರಾಯರು ತೆರೆದಿತ್ತು. ಒಳಗೆ ಹಸಿರು ಬಟ್ಟೆಯ ಮೇಲೆ ಹನ್ನೊಂದು ಮಡಚುವ ಚಾಕುಗಳು ಸಾಲಾಗಿ ಮಲಗಿದ್ದವು. ಒಂದಕ್ಕೆ ಕೊಂಬಿನ ಹಿಡಿ, ಒಂದಕ್ಕೆ ಮರದ್ದು. ಒಂದಂತೂ ಹೆಬ್ಬೆರಳಿಗಿಂತ ಚಿಕ್ಕದು.

“ಇವೆಲ್ಲ ಯಾತಕ್ಕೆ ಸಾರ್?”

“ಯಾತಕ್ಕೂ ಇಲ್ಲ ಕಣಯ್ಯ. ಇಟ್ಕೊಳ್ಳೋಕೆ,” ಅಂದು ಅವರು ಒಂದನ್ನು ಬಿಡಿಸಿದರು. ಅಲಗು ಹೊರಗೆ ಬಂದು ‘ಟಕ್’ ಅಂತ ನಿಂತಿತು. ಆ ಸದ್ದು ಫಳಫಳನ ಕಿವಿಗೆ ಬಿದ್ದದ್ದೇ ತಡ, ಅವನ ಕಥೆ ಮುಗಿಯಿತು. ಬೆಲ್ಟು ಮರೆತು ಬರಿಗೈಯಲ್ಲಿ ವಾಪಸ್ ಬಂದ.

ಮುಂದಿನ ಭಾನುವಾರವೇ ಗುಜರಿ ಅಂಗಡಿಗೆ ಹೋಗಿ, ಎರಡು ಗಂಟೆ ಕೆದಕಿ, ಮೂಳೆಯ ಹಿಡಿಯಿದ್ದ ಒಂದು ಹಳೇ ಚಾಕು ತಂದ. ಅಲಗು ಕರ್ರಗೆ ಇತ್ತು. ಸೋಮವಾರ ಊಟದ ಬಿಡುವಿನಲ್ಲಿ ಅದನ್ನು ಚಕ್ರಕ್ಕೆ ಹಿಡಿದು ಕನ್ನಡಿಯಂತೆ ಮಾಡಿದ. ಎದೆ ಉಬ್ಬಿಸಿಕೊಂಡು ಸ್ಟೋರಿಗೆ ಒಯ್ದ. ಸ್ಟೋರ್‌ಕೀಪರ್ ಕನ್ನಡಕ ಬದಲಿಸಿ ಅಲಗಿನ ಬುಡ ನೋಡಿದರು.

“ಇಲ್ಲೊಂದು ಮುದ್ರೆ ಇರಬೇಕಿತ್ತಲ್ಲ?”

“ಇತ್ತು ಸಾರ್. ಒಂದು ಹಕ್ಕಿ, ಕೆಳಗೆ ಏನೋ ಅಕ್ಷರ. ಗಟ್ಟಿ ಇತ್ತು, ತೆಗೆಯೋಕೆ ಅರ್ಧ ಗಂಟೆ ಹಿಡೀತು.”

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ, “ನೀನು ಇದಕ್ಕೆ ಸ್ನಾನ ಮಾಡಿಸಿದೆ ಅನ್ಕೊಂಡಿದ್ದೀಯ. ಚರ್ಮ ಸುಲಿದಿದ್ದೀಯ ಕಣಯ್ಯ,” ಅಂದರು. ಮಾಡಿದವನ ಗುರುತು, ಬಳಸಿದವನ ಕೈಯ ಗುರುತು, ಹಳೇ ಚಾಕುವಿನಲ್ಲಿ ಇರುವುದೇ ಅಷ್ಟು. ಅದನ್ನು ಅಳಿಸಿದ ಮೇಲೆ ಉಳಿಯುವುದು ತರಕಾರಿ ಹೆಚ್ಚುವ ತಗಡು ಅಂತ ತಿಳಿಸಿ ಹೇಳಿದರು. ಫಳಫಳನ ಮುಖ ಸಪ್ಪಗಾಯಿತು. ಅದನ್ನು ನೋಡಿ ಅವರಿಗೂ ಅಯ್ಯೋ ಅನ್ನಿಸಿತೋ ಏನೋ.

“ತಿಂಗಳ ಮೊದಲನೇ ಭಾನುವಾರ ಕನ್ನಡಕದ ಅಂಗಡಿಯ ಹಿಂದಿನ ಕೋಣೇಲಿ ನಾವು ಎಂಟು ಜನ ಸೇರ್ತೀವಿ. ಇನ್ನು ಮೂರು ವಾರ ಇದೆ. ಒಂದೇ ಒಂದು ಚಾಕು ತಾ. ಹಳೇದು, ನಿನ್ನ ಕೈ ಉಜ್ಜದೇ ಇರೋದು. ಅದನ್ನ ಮೇಜಿನ ಮೇಲೆ ಇಟ್ಟರೆ ನೀನೂ ನಮ್ಮವನು. ಇಲ್ಲಾಂದ್ರೆ ನಲ್ಲಿ ಉಜ್ಕೊಂಡಿರು.”

ಕೇಳಲು ಸಣ್ಣ ಮಾತು. ಫಳಫಳನಿಗೆ ಮಾತ್ರ ಅದು ಎದೆಯಲ್ಲಿ ನಾಟಿತು. ಇಪ್ಪತ್ತೊಂಬತ್ತು ವರ್ಷದಲ್ಲಿ ಅವನು ಲಕ್ಷಗಟ್ಟಲೆ ನಲ್ಲಿ ಉಜ್ಜಿದ್ದ. ನಲ್ಲಿ ತಿರುಗಿಸಿ ಮುಖ ತೊಳೆದ ಒಬ್ಬರಾದರೂ ಇದನ್ನು ಉಜ್ಜಿದವರು ಯಾರು ಅಂತ ಕೇಳಿದ್ದಿಲ್ಲ. ಒಂದು ಚಾಕು ನಡುವೆ ಇಟ್ಟುಕೊಂಡು ಎಂಟು ಗಂಡಸರು ಗಂಟೆಗಟ್ಟಲೆ ಮಾತಾಡುತ್ತಾರೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಕೇಳುತ್ತಾರೆ ಅಂದರೆ ಅಂಥ ಕಡೆ ತನಗೂ ಒಂದು ಕುರ್ಚಿ ಬೇಕು ಅಂತ ಅವನಿಗೆ ತುಂಬ ಆಸೆಯಾಯಿತು.

ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಬೇಕರಿಯೊಂದರಲ್ಲಿ ಟ್ರೇಗಳ ಉಸ್ತುವಾರಿ. ದಿನಕ್ಕೆ ಮುನ್ನೂರು ಟ್ರೇ ಅವಳ ಕಣ್ಣ ಕೆಳಗೆ ಹಾದುಹೋಗುತ್ತಿದ್ದವು. ಮೂಲೆಯಲ್ಲಿ ಸಾಸಿವೆಯಷ್ಟು ಕಲೆ ಕಂಡರೂ ಟ್ರೇ ವಾಪಸ್. ತಾನೂ ತೋಳು ಮಡಚಿ ತಿಕ್ಕಲು ಹಿಂದೆ ಮುಂದೆ ನೋಡಿದವಳಲ್ಲ. ಗಂಡ ಹೆಂಡತಿ ಮೂವತ್ತು ವರ್ಷ ಚೆನ್ನಾಗಿ ಬಾಳಿದ್ದಕ್ಕೆ ಕಾರಣವೇ ಇದು ಅಂತ ನಾದಿನಿ ಆಡಿಕೊಳ್ಳುತ್ತಿದ್ದಳು. ಗಂಡನ ಮಾತು ಕೇಳಿದ ಅವಳು ಟ್ರಂಕಿನ ತಳದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಒಳಗೆ ಅವಳಪ್ಪನ ಕಸಿ ಚಾಕು ಇತ್ತು.

ಮಾವ ಸಸ್ಯಕ್ಷೇತ್ರದಲ್ಲಿ ಗಿಡಗಳಿಗೆ ಕಸಿ ಕಟ್ಟುವ ಕೆಲಸದಲ್ಲಿದ್ದವರು. ಅವರು ಕಟ್ಟಿದ ಕಸಿ ಸತ್ತದ್ದೇ ಕಮ್ಮಿ. ಮಸೆದು ಮಸೆದು ಅಲಗು ಸಪೂರವಾಗಿತ್ತು. ನಲವತ್ತು ವರ್ಷ ಗಿಡದ ಸೊನೆ ಕುಡಿದು ಬುಡದಿಂದ ತುದಿಯವರೆಗೆ ಕಂದು ಬಣ್ಣಕ್ಕೆ ತಿರುಗಿತ್ತು. ಮರದ ಹಿಡಿಯಲ್ಲಿ ಹೆಬ್ಬೆರಳು ಕೂರುವ ಕಡೆ ಒಂದು ಗುಳಿ ಬಿದ್ದಿತ್ತು.

“ತಗೊಳ್ಳಿ. ನಿಮ್ಮ ಕೈಗೆ ಬಿದ್ರೆ ಇದಕ್ಕೂ ಒಂದು ಮರ್ಯಾದೆ ಬರುತ್ತೆ,” ಅಂದಳು.

ಮರ್ಯಾದೆ ಅಂದರೆ ಅವಳ ಲೆಕ್ಕದಲ್ಲಿ ಏನು ಅಂತ ಅವನು ಅಲ್ಲೇ ಕೇಳಬೇಕಿತ್ತು. ಕೇಳಲಿಲ್ಲ. ಮರುದಿನ ಚಾಕುವನ್ನು ಸ್ಟೋರಿಗೆ ಒಯ್ದು, ಮಾವನದು ಅಂತ ತೋರಿಸಿದರೆ ಸ್ಟೋರ್‌ಕೀಪರ್ ಎರಡೂ ಕನ್ನಡಕ ಕಳಚಿ ಬರಿಗಣ್ಣಿನಲ್ಲಿ ನೋಡಿದರು. “ಈ ಬಣ್ಣ ಇದೆಯಲ್ಲ, ಇದನ್ನ ಯಾವ ಅಂಗಡೀಲೂ ಕೊಳ್ಳೋಕಾಗಲ್ಲ. ಆ ಭಾನುವಾರದ ತನಕ ನಿನ್ನ ಕೈ ಕಟ್ಟಿ ಹಾಕ್ಕೋ,” ಅಂದರು. ಅವತ್ತೇ ಮಿಕ್ಕ ಏಳು ಜನಕ್ಕೂ ಫೋನ್ ಮಾಡಿದರು.

ಮುಂದಿನ ಮೂರು ವಾರ ಫಳಫಳ ಪಟ್ಟ ಪಾಡು ಯಾರಿಗೂ ಬೇಡ. ದಿನಾ ಸಂಜೆ ಗಂಟು ಬಿಚ್ಚುವುದು, ಚಾಕು ನೋಡುವುದು, ಬೆರಳು ಜುಮ್ಮೆನ್ನುವುದು, ಮತ್ತೆ ಗಂಟು ಕಟ್ಟುವುದು. ಕೈಯ ತೀಟೆ ತೀರಿಸಿಕೊಳ್ಳಲು ಸಿಕ್ಕಿದ್ದನ್ನೆಲ್ಲ ಉಜ್ಜಿದ. ಚಮಚಗಳಾದವು, ಬೀಗಗಳಾದವು, ಬೆಲ್ಟಿನ ಬಕಲ್ ಆಯಿತು. ಕೊನೆಗೆ ಬಾಲ್ಕನಿಯ ಕಂಬಿಯ ಬಣ್ಣವನ್ನೇ ಕೆರೆದು ಒಳಗಿನ ಕಬ್ಬಿಣ ಹೊಳೆಯಿಸಿದ. ಮಾವನ ಚಾಕುವನ್ನು ಮಾತ್ರ ಮುಟ್ಟಲಿಲ್ಲ. ತನ್ನ ಮೇಲೆ ತನಗೇ ಹೆಮ್ಮೆಯಾಗುವಷ್ಟು ಗಟ್ಟಿಯಾಗಿ ನಿಂತ.

ಹೆಂಡತಿ ಇದನ್ನೆಲ್ಲ ನೋಡುತ್ತಲೇ ಇದ್ದಳು. ಮೂರನೇ ವಾರ ತಡೆಯಲಾಗದೆ ಕೇಳಿಯೇಬಿಟ್ಟಳು.

“ಅಲ್ಲ ರೀ, ಕಂಡೋರ ಸೈಕಲ್ ಬೆಲ್ ಉಜ್ಜೋಕೆ ನಿಮಗೆ ಪುರುಸೊತ್ತಿದೆ. ನಮ್ಮಪ್ಪನ ಚಾಕು ಅಂದ್ರೆ ಅಷ್ಟು ಸಸಾರನಾ?”

“ಅಯ್ಯೋ, ಹಾಗಲ್ಲ ಕಣೇ. ಅದರ ಕೊಳೇನೇ ಅದಕ್ಕೆ ಬೆಲೆ.”

“ಕೊಳೆಗೆ ಬೆಲೆ! ಇದನ್ನ ನೀವು ಹೇಳ್ತೀರಾ? ನನ್ನ ಮದುವೆ ಉಂಗುರ ಮಂಕಾಯ್ತು ಅಂತ ಒಂದು ವಾರ ಮುಖ ಗಂಟು ಹಾಕ್ಕೊಂಡಿದ್ದೋರು?”

ಅವನು ಇನ್ನೊಮ್ಮೆ ಬಿಡಿಸಿ ಹೇಳಲು ನೋಡಿದ. ಇಷ್ಟು ವರ್ಷ ಹೊಳಪಿನ ಗುಣಗಾನ ಮಾಡಿದ ಬಾಯಲ್ಲಿ ಕೊಳೆಯ ಪರವಾದ ಮಾತು ನೆಟ್ಟಗೆ ಬರಲೇ ಇಲ್ಲ. ಅವಳು “ಆಯ್ತು ಬಿಡಿ” ಅಂದು ಒಳಗೆ ಹೋದಳು. ಒಪ್ಪಿಕೊಂಡಳು ಅಂತ ಅವನು ತಿಳಿದ. ಹೆಂಡತಿಯ “ಆಯ್ತು ಬಿಡಿ”ಗೆ ಅರ್ಥ ಏನೆಂದು ಮೂವತ್ತು ವರ್ಷದಲ್ಲೂ ಕಲಿಯದ ಗಂಡಸಿಗೆ ಯಾರೂ ಸಹಾಯ ಮಾಡಲಾರರು.

ಶನಿವಾರ ಅವನು ಕೆಲಸ ಮುಗಿಸಿ ಮನೆಗೆ ಬಂದಾಗ ಮೇಜಿನ ಮೇಲೆ ಹಳೇ ಪೇಪರು ಹಾಸಿ, ಅದರ ನಟ್ಟನಡುವೆ ಚಾಕು ಇಟ್ಟಿದ್ದಳು. ಕಂದು ಬಣ್ಣ ಇರಲಿಲ್ಲ. ಅಲಗು ಬೆಳ್ಳಗೆ ಹೊಳೆಯುತ್ತಿತ್ತು. ಕೀಲಿಗೆ ಎಣ್ಣೆ ಬಿಟ್ಟು, ಹಿಡಿಯನ್ನೂ ಒರೆಸಿ ಇಟ್ಟಿದ್ದಳು.

“ಟ್ರೇ ತಿಕ್ಕೋ ತಂತಿ ನಾರು ಬೇಕರಿಯಿಂದ ತಂದೆ. ಮಧ್ಯಾಹ್ನ ಪೂರ್ತಿ ಹಿಡೀತು,” ಅಂದಳು. ಬೆರಳ ತುದಿಗಳು ಕೆಂಪಾಗಿದ್ದವು. “ಎಂಟು ಜನರ ಮುಂದೆ ನಮ್ಮಪ್ಪನ ಚಾಕು ಕೊಳಕಾಗಿ ಕೂರಬಾರದು ರೀ. ಅಪ್ಪ ದಿನಾ ಕೆಲಸಕ್ಕೆ ಹೋಗುವಾಗ ತೊಳೆದ ಅಂಗಿ ಹಾಕ್ಕೊಂಡೇ ಹೋಗ್ತಿದ್ರು.”

ನಲವತ್ತು ವರ್ಷದ ಬಣ್ಣ ಒಂದು ಮಧ್ಯಾಹ್ನದಲ್ಲಿ ಹೋಗಿತ್ತು. ಫಳಫಳನಿಗೆ ಅಳು ಬಂತು, ಸಿಟ್ಟೂ ಬಂತು. ಆದರೆ ಎದುರಿಗೆ ನಿಂತವಳ ಮುಖದಲ್ಲಿ ಅಪ್ಪನಿಗೆ ಏನೋ ಒಂದು ಮಾಡಿಕೊಟ್ಟೆ ಅನ್ನುವ ಖುಷಿ ಅಷ್ಟು ಢಾಳಾಗಿ ಕಾಣುತ್ತಿತ್ತು.

“ಚೆನ್ನಾಗಿದೆ,” ಅಂದ. ಅವಳು ಅದನ್ನು ಮೆಚ್ಚುಗೆ ಅಂತಲೇ ತಿಳಿದಳು.

ಭಾನುವಾರ ಹೋಗದೇ ಇರೋಣ ಅಂದರೆ ಅವಳು ಅಂಗಿ ಇಸ್ತ್ರಿ ಮಾಡಿ ಇಟ್ಟಿದ್ದಳು. ಹೋದ. ದಾರಿಯುದ್ದಕ್ಕೂ ಒಂದೇ ಯೋಚನೆ. ತಾನು ಉಜ್ಜಲಿಲ್ಲ ಅಂದರೆ ಈ ಭೂಮಿಯ ಮೇಲೆ ನಂಬುವ ಒಬ್ಬ ಮನುಷ್ಯನೂ ಇಲ್ಲ. ಹೆಂಡತಿ ಉಜ್ಜಿದಳು ಅಂದರೆ ನಂಬಬಹುದು. ಆಮೇಲೆ ಆ ಎಂಟು ಜನ ಅವಳ ಬಗ್ಗೆ ಅಯ್ಯೋ ಪಾಪ ಅನ್ನುತ್ತಾರೆ, ನಗುತ್ತಾರೆ. ಅದು ಅವನಿಗೆ ಬೇಡವಾಗಿತ್ತು.

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಎಂಟು ಜನ ಉದ್ದನೆಯ ಮೇಜಿನ ಸುತ್ತ ಕಾದು ಕೂತಿದ್ದರು. ಗಂಟು ಬಿಚ್ಚಿ ಚಾಕು ಬಿಡಿಸಿದ. ದೀಪದ ಬೆಳಕು ಅಲಗಿಗೆ ಬಿದ್ದು ಎದುರಿದ್ದವರ ಕಣ್ಣು ಕುಕ್ಕಿತು.

“ಕೈ ತಡೀಲಿಲ್ಲ, ಅಲ್ವೇನಯ್ಯ?” ಅಂದು ಕನ್ನಡಕದ ಅಂಗಡಿಯವನು ನಕ್ಕುಬಿಟ್ಟ.

“ತಡೀಲಿಲ್ಲ ಸಾರ್. ತಪ್ಪಾಯ್ತು,” ಅಂದ ಫಳಫಳ.

ಸ್ಟೋರ್‌ಕೀಪರಿಗೆ ಮಾತ್ರ ನಗು ಬರಲಿಲ್ಲ. ಸಿಟ್ಟಿನಿಂದ “ಕೊಡಿಲ್ಲಿ” ಅಂದು ಕಿತ್ತುಕೊಂಡು, ಅಂಗಡಿಯ ದೊಡ್ಡ ಭೂತಗನ್ನಡಿಯ ಕೆಳಗೆ ಹಿಡಿದರು. ಬಹಳ ಹೊತ್ತು ನೋಡಿದರು. ಚಕ್ರಕ್ಕೆ ಹಿಡಿದ ಲೋಹದ ಮೇಲೆ ಗೆರೆಗಳು ಒಂದೇ ದಿಕ್ಕಿಗೆ ನೇರ ಓಡುತ್ತವೆ; ಆ ಚಕ್ರಗಳನ್ನು ಮೂವತ್ತೈದು ವರ್ಷದಿಂದ ಎಣಿಸಿ ಕೊಡುತ್ತಿದ್ದವರು ಅವರೇ. ಇಲ್ಲಿ ಗೆರೆಗಳು ಗುಂಡಗಿದ್ದವು. ಬುಡದಿಂದ ತುದಿಯವರೆಗೆ ಒಂದರ ಮೇಲೊಂದು ಸುತ್ತು, ಟ್ರೇ ತಿಕ್ಕಿದ ಹಾಗೆ.

“ನೀನೇ ಉಜ್ಜಿದ್ದಾ?”

“ನಾನೇ ಸಾರ್.”

“ಚಕ್ರಕ್ಕೆ ಹಿಡಿದು?”

“ಚಕ್ರಕ್ಕೆ ಹಿಡಿದು.”

ಅವರು ಅವನ ಮುಖವನ್ನೊಮ್ಮೆ ನೋಡಿ, ಭೂತಗನ್ನಡಿಯನ್ನೂ ಚಾಕುವನ್ನೂ ಪಕ್ಕದವರಿಗೆ ದಾಟಿಸಿದರು. ಅವರು ನೋಡಿ ಇನ್ನೊಬ್ಬರಿಗೆ ಕೊಟ್ಟರು. ಮೇಜಿನ ಸುತ್ತ ಪೂರ್ತಿ ಒಂದು ಸುತ್ತು ಬಂತು. ನಗುತ್ತಿದ್ದವನೂ ನೋಡಿ ಸುಮ್ಮನಾದ. ಇದು ಚಕ್ರದ ಕೆಲಸವಲ್ಲ ಅಂತ ಎಂಟು ಜನಕ್ಕೂ ತಿಳಿಯಿತು. ಸ್ಟೋರ್‌ಕೀಪರ್ ತಾವು ಚಾಕುಗಳನ್ನು ತಂದಿದ್ದ ಹಸಿರು ಬಟ್ಟೆಯ ಪೆಟ್ಟಿಗೆಯನ್ನು ಒಂದು ಗೇಣು ಪಕ್ಕಕ್ಕೆ ಸರಿಸಿ, ಆ ಜಾಗದಲ್ಲಿ ಮಾವನ ಚಾಕು ಇಟ್ಟರು.

“ಕುರ್ಚಿ ಎಳ್ಕೊಂಡು ಕೂತ್ಕೋ. ನಿಮ್ಮ ಮಾವನವರ ಬಗ್ಗೆ ಹೇಳು,” ಅಂದರು.

ಒಂದು ಗಂಟೆ ಹೇಳಿದ. ಎಂಟು ಜನ ಕೇಳಿದರು. ಹಿಡಿಯ ಗುಳಿಯಲ್ಲಿ ಒಬ್ಬೊಬ್ಬರೂ ತಮ್ಮ ಹೆಬ್ಬೆರಳು ಇಟ್ಟು ನೋಡಿದರು.

ಸಂಜೆ ಮನೆಗೆ ಬಂದರೆ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು.

“ಏನಂದ್ರು?”

“ಅಲ್ಲಿದ್ದ ಅಷ್ಟೂ ಚಾಕುಗಳಲ್ಲಿ ನಮ್ಮದರಷ್ಟು ಹೊಳೆಯೋದು ಇನ್ನೊಂದಿರಲಿಲ್ಲ,” ಅಂದ. ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

“ಉಜ್ಜಿದ್ದು ಯಾರು ಅಂತ ಕೇಳಿದ್ರಾ?”

“ಕೇಳಿದ್ರು.”

“ಏನಂದ್ರಿ?”

ಕುರ್ಚಿ ಸಿಕ್ಕ ಖುಷಿಯಲ್ಲಿದ್ದ ಅವನು ಹಿಂದೆ ಮುಂದೆ ನೋಡದೆ, “ನಾನೇ ಅಂದೆ,” ಅಂದುಬಿಟ್ಟ.

ಆಮೇಲೆ ಶುರುವಾಯಿತು ನೋಡಿ. “ನನ್ನ ಬೆರಳು ಸವೆದಿದೆ, ಹೆಸರು ನಿಮಗೆ! ಮೂವತ್ತು ವರ್ಷ ಈ ಮನೇಲಿ ಹೊಳೆಯೋದೆಲ್ಲ ನಿಮ್ಮದೇ ಅಂತ ಕೇಳಿ ಕೇಳಿ ಸಾಕಾಗಿದೆ. ಒಂದೇ ಒಂದು ಚಾಕು ನಾನು ಉಜ್ಜಿದೆ, ಅದೂ ನಮ್ಮಪ್ಪಂದು, ಅದನ್ನೂ ಬಿಡಲಿಲ್ವಲ್ಲ ನೀವು!” ಮಾತಿಗೊಂದು ಸಲ ಅಡುಗೆಮನೆಯಲ್ಲಿ ಪಾತ್ರೆಯೊಂದು ಕುಕ್ಕಿದ ಸದ್ದು. ಫಳಫಳ ತಲೆ ತಗ್ಗಿಸಿ ಅಷ್ಟನ್ನೂ ಕೇಳಿಸಿಕೊಂಡ. ಇಂಥ ಬೈಗುಳ ತಿಂದು ಇಷ್ಟು ಹಗುರಾದದ್ದು ಅವನಿಗೆ ನೆನಪಿರಲಿಲ್ಲ.

ಕೊನೆಗೆ ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು ಎದುರಿಗೆ ನಿಂತಳು. “ಮುಂದಿನ ತಿಂಗಳು ನಾನೂ ಬರ್ತೀನಿ. ಇದನ್ನ ಉಜ್ಜಿದೋಳು ನಾನು ಅಂತ ಆ ಎಂಟು ಜನಕ್ಕೂ ನಾನೇ ಹೇಳ್ತೀನಿ.”

“ಬಾ ಕಣೇ,” ಅಂದ ಫಳಫಳ. “ಇದು ನನ್ನ ಕೈಯಲ್ಲಿ ಆಗೋ ಕೆಲಸ ಅಲ್ಲ ಅಂತ ಅವರಿಗೂ ಗೊತ್ತಾಗಿದೆ.”